ಎಳೆಯುವುದು ಸುಲಭ, ಬಿಡುವುದು ಕಷ್ಟ

ನಾನು ಮೊದಲ ಸಲ ಮುಳ್ಳುತಂತಿ ಬೇಲಿಯನ್ನು ಬಿಗಿದ ದಿನ ನಾಲ್ಕು ಎಳೆಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಎಳೆದು ಕಟ್ಟಿದ್ದೆ. ಮೇಲಿನ ಎಳೆಯನ್ನು ಬೆರಳಿನಿಂದ ಮೀಟಿದರೆ ಸದ್ದು ಬರುವಷ್ಟು ಬಿಗಿದಿದ್ದರಿಂದ ಕೆಲಸ ಬಂದಿತೆಂಬ ಹೆಮ್ಮೆಯೂ ಇತ್ತು. ನಾಲ್ಕನೆಯ ಎಳೆಯನ್ನು ಕಟ್ಟಿ ಮುಗಿಸಿ, ಸೊಂಟ ನೇರ ಮಾಡಿಕೊಂಡು ಹಿಂದಿರುಗಿ ನೋಡಿದಾಗ ಆ ಮೊದಲನೆಯ ಎಳೆಯೇ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿತ್ತು. ಕಟ್ಟು ಜಾರಿರಬೇಕೆಂದು ಎರಡು ತುದಿಗಳನ್ನೂ ನೋಡಿದೆ. ಎರಡೂ ಕಟ್ಟಿದ ಹಾಗೆಯೇ ಇದ್ದವು. ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯರು ಸ್ವಲ್ಪ ಹೊತ್ತು ನನ್ನ ಹುಡುಕಾಟವನ್ನು ನೋಡಿ, "ತಂತಿ ಎಲ್ಲಿಗೂ ಹೋಗಿಲ್ಲಪ್ಪ, ಹೋಗಿರುವುದು ಕಂಬ" ಎಂದರು. ಮೂಲೆಯ ಕಂಬದ ತಲೆ ಬೇಲಿಯ ಕಡೆಗೆ ಎರಡು ಬೆರಳಿನಷ್ಟು ವಾಲಿತ್ತು. ಬುಡದ ಹಿಂಬದಿಯಲ್ಲಿ ಮಣ್ಣು ಬಿರಿದಿದ್ದುದನ್ನು ನಾನು ಗಮನಿಸಿಯೇ ಇರಲಿಲ್ಲ.

ಎರಡು ಬೆರಳಿನಷ್ಟು ವಾಲುವುದರಿಂದ ಇಷ್ಟು ನಷ್ಟವಾಗುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಲೆಕ್ಕ ಹಾಕಿ ನೋಡಿದ ಮೇಲೆ ಉಪಕರಣಗಳ ಬಗ್ಗೆ ನನಗಿದ್ದ ಅಭಿಪ್ರಾಯವೇ ಬದಲಾಯಿತು. ಸಾಮಾನ್ಯ ಮುಳ್ಳುತಂತಿಯಲ್ಲಿ ಸುಮಾರು 2.5 ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ಎಳೆಗಳನ್ನು ಒಂದಕ್ಕೊಂದು ಹೊಸೆದಿರುತ್ತಾರೆ. ಅಂಥ ತಂತಿಯ 100 ಮೀಟರ್ ಉದ್ದವನ್ನು 100 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದರೆ ಅದು ಹಿಗ್ಗುವುದು ಕೇವಲ ಐದು ಸೆಂಟಿಮೀಟರ್. ಹೊಸೆತ ಸ್ವಲ್ಪ ನೇರವಾಗುವುದರಿಂದ ಇನ್ನೊಂದಿಷ್ಟು ಸೇರಬಹುದು, ಅಷ್ಟೇ. ಅದೇ ಬಲಕ್ಕೆ 20 ಮೀಟರ್ ತಂತಿ ಹಿಗ್ಗುವುದು ಒಂದು ಸೆಂಟಿಮೀಟರಿನ ಆಸುಪಾಸು ಮಾತ್ರ. ಅಂದರೆ 20 ಮೀಟರ್ ಬೇಲಿಯಲ್ಲಿ ನಾವು ಬೆವರು ಸುರಿಸಿ ತುಂಬಿದ ಬಿಗಿಯೆಲ್ಲ ಒಂದು ಸೆಂಟಿಮೀಟರಿನೊಳಗೆ ಅಡಗಿರುತ್ತದೆ. ಕಂಬದ ತಲೆ ಅಷ್ಟು ವಾಲಿದರೆ, ಅಥವಾ ಕಟ್ಟಿದ ಸುತ್ತು ಅಷ್ಟು ಜಾರಿದರೆ, ಬಿಗಿಯೆಲ್ಲ ಖಾಲಿ.

ಮುಳ್ಳುತಂತಿಯನ್ನು ಬಿಗಿಯುವುದೆಂದರೆ ಎಳೆಯುವುದು ಎಂದೇ ನಾವು ತಿಳಿದಿರುತ್ತೇವೆ. ಉಪಕರಣ ಆರಿಸುವಾಗಲೂ ಅದು ಎಷ್ಟು ಎಳೆಯಬಲ್ಲದು ಎಂದೇ ಕೇಳುತ್ತೇವೆ. ನನ್ನ ಅನುಭವದಲ್ಲಿ ಈ ಕೆಲಸಕ್ಕೆ ಮೂರು ಹಂತಗಳಿವೆ: ಎಳೆಯುವುದು, ಎಳೆದದ್ದನ್ನು ಹಿಡಿದುಕೊಂಡಿರುವುದು, ಆಮೇಲೆ ಬಿಡುವುದು. ಮೊದಲನೆಯದನ್ನು ಯಾವ ಉಪಕರಣವಾದರೂ ಮಾಡುತ್ತದೆ. ಎರಡನೆಯದನ್ನು ಕೆಲವು ಮಾತ್ರ ಮಾಡುತ್ತವೆ. ಮೂರನೆಯದನ್ನು ಚೆನ್ನಾಗಿ ಮಾಡುವ ಉಪಕರಣಗಳು ಬಹಳ ಕಡಿಮೆ, ಮತ್ತು ಆರಿಸಬೇಕಾದದ್ದು ಅವುಗಳನ್ನೇ ಎಂಬುದು ಕೈಯನ್ನು ಕೆಲವು ಸಲ ಕುಯ್ದುಕೊಂಡ ಮೇಲೆ ನಾನು ಬಂದಿರುವ ತೀರ್ಮಾನ.

ಎಲ್ಲಕ್ಕಿಂತ ಹಳೆಯ ಉಪಕರಣ ಹಾರೆಕೋಲು. ತಂತಿಯನ್ನು ಅದರ ನಡುಭಾಗಕ್ಕೆ ಒಂದೂವರೆ ಸುತ್ತು ಹಾಕಿ, ಅದರ ಮೊನೆಯನ್ನು ಕಂಬಕ್ಕೆ ಆನಿಸಿ ಇನ್ನೊಂದು ತುದಿಯನ್ನು ಹಿಂದಕ್ಕೆ ವಾಲಿಸಿದರೆ, ಒಬ್ಬ ಮನುಷ್ಯನ ಮೈಭಾರವೇ ತಂತಿಯ ಮೇಲೆ ನೂರು ಕಿಲೋ ದಾಟುವ ಎಳೆತವಾಗುತ್ತದೆ. ಅದರ ದೊಡ್ಡ ಗುಣವೆಂದರೆ ತಂತಿ ಎಷ್ಟು ಬಿಗಿಯಾಯಿತೆಂಬುದು ನೇರವಾಗಿ ತೋಳಿಗೆ ತಿಳಿಯುವುದು. ದೊಡ್ಡ ದೋಷವೆಂದರೆ ಹಿಡಿದುಕೊಳ್ಳುವ ಕೆಲಸವೂ ಅದೇ ತೋಳಿನದಾಗುವುದು. ಒಬ್ಬರು ಹಾರೆಯನ್ನು ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಅವಸರದಲ್ಲಿ ಕಟ್ಟಬೇಕು. ಹಿಡಿದವರ ಕಾಲು ಜಾರಿದರೆ ಕಟ್ಟುತ್ತಿರುವವರ ಬೆರಳು ತಂತಿಗೂ ಕಂಬಕ್ಕೂ ನಡುವೆ ಇರುತ್ತದೆ. ಮೊಳೆ ಕೀಳುವ ಸುತ್ತಿಗೆಯ ಸೀಳಿನಲ್ಲಿ ಮುಳ್ಳನ್ನು ಸಿಕ್ಕಿಸಿ ಕಂಬದ ಮೇಲೆ ಹೊರಳಿಸುವುದೂ ಇದೇ ಜಾತಿಯ ಉಪಾಯ. ಒಂದೆರಡು ಕಂಬಗಳ ನಡುವಿನ ಸಣ್ಣ ದುರಸ್ತಿಗೆ ಅದು ಸಾಕು. ಆದರೆ ಸೀಳಿನ ಅಂಚಿನಲ್ಲಿ ತಂತಿ ಚೂಪಾಗಿ ಮುರಿದಂತೆ ಮಡಚಿ ಸತುವಿನ ಲೇಪ ಎದ್ದುಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ತುಕ್ಕು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.

ಹಿಡಿದುಕೊಳ್ಳುವ ಕೆಲಸವನ್ನು ತೋಳಿನಿಂದ ಬಿಡಿಸಿದ್ದು ಹಲ್ಲುಗಳು. ರ್‍ಯಾಚೆಟ್ ಎಂದು ಕರೆಯುವ ಎಲ್ಲದರ ಒಳಗೂ ಇರುವುದು ಒಂದು ಹಲ್ಲಿನ ಚಕ್ರ ಅಥವಾ ಹಲ್ಲಿನ ಪಟ್ಟಿ ಮತ್ತು ಅದಕ್ಕೆ ಸಿಕ್ಕಿಕೊಂಡು ಹಿಂದಕ್ಕೆ ಹೋಗಲು ಬಿಡದ ಒಂದು ನಾಲಗೆ. ಇದರಲ್ಲಿ ಮೂರು ಬಗೆಗಳನ್ನು ನಾನು ಬಳಸಿ ನೋಡಿದ್ದೇನೆ. ಹಲ್ಲುಗಳಿರುವ ಉದ್ದನೆಯ ಪಟ್ಟಿಯ ಮೇಲೆ ಹಿಡಿಕೆಯನ್ನು ಹಿಂದೆ ಮುಂದೆ ಆಡಿಸುತ್ತ ಹೋದರೆ ತಂತಿಯನ್ನು ಕಚ್ಚಿದ ದವಡೆ ನಮ್ಮ ಕಡೆ ನಡೆದು ಬರುವುದು ಒಂದು ಬಗೆ. ಸರಪಳಿಯ ಕೊಂಡಿಗಳನ್ನೇ ಹಲ್ಲುಗಳಂತೆ ಬಳಸಿ ಒಂದೊಂದು ಕೊಂಡಿ ಮುಂದೆ ಸಾಗುವುದು ಎರಡನೆಯದು. ಸಣ್ಣ ಉಕ್ಕಿನ ಹಗ್ಗವನ್ನು ಗಾಲಿಗೆ ಸುತ್ತಿಕೊಳ್ಳುವ ಕೈಪುಲ್ಲರ್ ಮೂರನೆಯದು. ಮೂರೂ ಒಳ್ಳೆಯವೇ. ಆದರೆ ಯಾವ ಬೇಲಿಗೆ ಯಾವುದು ಎಂಬುದನ್ನು ನಿರ್ಧರಿಸುವುದು ಅವುಗಳ ಬಲವಲ್ಲ. ಒಂದು ಹಲ್ಲಿಗೆ ಅವು ಎಷ್ಟು ದೂರ ಸರಿಯುತ್ತವೆ ಎಂಬ ಅಳತೆ.

ಮೇಲಿನ ಲೆಕ್ಕವನ್ನು ಇಲ್ಲಿಗೆ ತಂದರೆ ವಿಷಯ ಬೇಗ ತಿಳಿಯುತ್ತದೆ. ಸರಪಳಿಯ ಕೊಂಡಿಯೊಂದು ಮೂರು ಸೆಂಟಿಮೀಟರ್ ಇದೆ ಎಂದುಕೊಳ್ಳೋಣ. 200 ಮೀಟರ್ ಉದ್ದದ ಬೇಲಿಯಲ್ಲಿ ಒಂದು ಕೊಂಡಿ ಮುಂದೆ ಹೋದರೆ ಎಳೆತ ಹೆಚ್ಚುವುದು 30 ಕಿಲೋದಷ್ಟು, ಬೇಕಾದಲ್ಲಿ ನಿಲ್ಲಿಸಬಹುದು. ಅದೇ ಸರಪಳಿಯನ್ನು 20 ಮೀಟರ್ ಬೇಲಿಗೆ ಹಾಕಿದರೆ ಒಂದು ಕೊಂಡಿಗೆ ಎಳೆತ ಹೆಚ್ಚುಕಡಿಮೆ 300 ಕಿಲೋ ಏರುತ್ತದೆ, ಅಂದರೆ ಒಂದು ಕೊಂಡಿಗೆ ಜೋಲು ಇರುತ್ತದೆ, ಮುಂದಿನ ಕೊಂಡಿಗೆ ತಂತಿ ಹರಿಯುವ ಹಂತಕ್ಕೆ ಬಂದಿರುತ್ತದೆ. ವಾಸ್ತವದಲ್ಲಿ ಕಂಬ ಸ್ವಲ್ಪ ಬಾಗುವುದರಿಂದಲೂ ಕಟ್ಟು ಕೂರುವುದರಿಂದಲೂ ಅಷ್ಟು ಏರುವುದಿಲ್ಲ. ಆದರೆ ಬಾಗುವ ಕಂಬವನ್ನು ನೆಚ್ಚಿಕೊಂಡು ಯಾರೂ ಬೇಲಿ ಹಾಕಬಾರದು. ಗಿಡ್ಡ ಬೇಲಿಗೆ, ಗೇಟಿನ ಪಕ್ಕದ ತುಂಡಿಗೆ, ಎರಡು ಮೂಲೆಗಳ ನಡುವಿನ ಸಣ್ಣ ಅಂತರಕ್ಕೆ ಬೇಕಾದದ್ದು ತಿರುಪಿನಿಂದ ಎಳೆಯುವ ಟರ್ನ್‌ಬಕಲ್. ಅದರ ಓಟ ಒಂದು ಗೇಣಿಗಿಂತ ಹೆಚ್ಚಿರುವುದಿಲ್ಲ, ನಿಧಾನವೂ ಹೌದು. ಆದರೆ ಅರ್ಧ ಸುತ್ತು, ಕಾಲು ಸುತ್ತು ಎಂದು ಕೂದಲೆಳೆಯಷ್ಟು ಲೆಕ್ಕದಲ್ಲಿ ಬಿಗಿಸಬಹುದು, ಅಷ್ಟೇ ಸಣ್ಣ ಲೆಕ್ಕದಲ್ಲಿ ಸಡಿಲಿಸಬಹುದು. ಉದ್ದ ಬೇಲಿಗೆ ದೊಡ್ಡ ಉಪಕರಣ, ಗಿಡ್ಡ ಬೇಲಿಗೆ ಯಾವುದಾದರೂ ನಡೆಯುತ್ತದೆ ಎಂಬ ನನ್ನ ಹಳೆಯ ನಂಬಿಕೆ ತಲೆಕೆಳಗಾಗಿತ್ತು.

ಕೈಪುಲ್ಲರಿನ ಮೇಲೆ ಬರೆದಿರುವ ಟನ್ನುಗಳನ್ನು ನೋಡಿ ಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. ಹೊಸ ಮುಳ್ಳುತಂತಿ ಹರಿಯುವುದು ಸುಮಾರು 400 ಕಿಲೋಗ್ರಾಂ ಎಳೆತದ ಆಸುಪಾಸಿನಲ್ಲಿ. ಎರಡು ಟನ್ ಎಳೆಯುವ ಪುಲ್ಲರನ್ನು ಅದಕ್ಕೆ ಕಟ್ಟಿದರೆ ಇಡೀ ಸಾಲಿನಲ್ಲಿ ಎಲ್ಲಕ್ಕಿಂತ ದುರ್ಬಲವಾದ ವಸ್ತು ತಂತಿಯೇ ಆಗಿರುತ್ತದೆ, ಮತ್ತು ಹಿಡಿಕೆ ಇನ್ನೂ ಹಗುರವಾಗಿಯೇ ತಿರುಗುತ್ತಿರುವುದರಿಂದ ಕೈಗೆ ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದಂತೂ ಇದೇ ದೋಷದ ದೊಡ್ಡ ರೂಪ. ಎಂಜಿನ್ನಿಗೆ ನೂರು ಕಿಲೋ ಮತ್ತು ನಾಲ್ಕುನೂರು ಕಿಲೋ ಎರಡೂ ಒಂದೇ, ಚಾಲಕನಿಗೆ ತಂತಿ ಕಾಣುವುದಿಲ್ಲ, ಕ್ಲಚ್ ಮೇಲಿನ ಕಾಲು ಒಂದು ಸೆಂಟಿಮೀಟರಿನ ಲೆಕ್ಕ ತಿಳಿಯುವ ಅಂಗವೂ ಅಲ್ಲ. ಬಿಡಿಸಿದ ಸುರುಳಿಯ ಜೋಲನ್ನು ತೆಗೆಯಲು ವಾಹನವನ್ನು ಬಳಸುವವರಿದ್ದಾರೆ. ನಾನು ಅದಕ್ಕೂ ಕೈಯನ್ನೇ ನೆಚ್ಚುತ್ತೇನೆ. ಸುರುಳಿಯ ನಡುವೆ ಕೋಲು ತೂರಿಸಿ ಇಬ್ಬರು ಹಿಡಿದು ನಡೆಯುತ್ತ ಬಿಚ್ಚಿದರೆ ತಂತಿ ನುಲಿಯದೆ ಮಲಗುತ್ತದೆ, ತುದಿಯನ್ನು ಹಿಡಿದು ಎಳೆದರೆ ಅರ್ಧಕ್ಕಿಂತ ಹೆಚ್ಚು ಜೋಲು ಹೋಗುತ್ತದೆ, ಉಳಿದ ಕೊನೆಯ ಗೇಣಿಗೆ ಮಾತ್ರ ಉಪಕರಣ ಬೇಕು.

ಇನ್ನು ತಂತಿಯನ್ನು ಕಚ್ಚುವ ದವಡೆಯ ವಿಚಾರ. ನಯವಾದ ಒಂಟಿ ತಂತಿಯನ್ನು ಕಚ್ಚುವುದು ಸುಲಭ. ಹೊಸೆದ ಜೋಡಿ ಎಳೆಯನ್ನು ಕಚ್ಚುವುದು ಹಾಗಲ್ಲ. ದವಡೆ ಒಂದು ಎಳೆಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಸಡಿಲವಾಗಿ ಬಿಟ್ಟರೆ ಎಳೆತವೆಲ್ಲ ಒಂದರ ಮೇಲೆ ಬೀಳುತ್ತದೆ. ಮುಳ್ಳಿನ ಹಿಂದೆ ದವಡೆಯನ್ನು ಕೂರಿಸಿದರೆ ಮುಳ್ಳೇ ತಡೆಯಾಗುತ್ತದೆ ಎಂದು ಹೇಳುವುದುಂಟು, ಅದು ನಿಜವೂ ಹೌದು, ಆದರೆ ಮುಳ್ಳು ಸಹ ಹೆಚ್ಚಿನ ಎಳೆತದಲ್ಲಿ ಜಾರುತ್ತದೆ. ಎಳೆತ ಹೆಚ್ಚಿದಷ್ಟೂ ತಾನೂ ಹೆಚ್ಚು ಬಿಗಿಯಾಗಿ ಕಚ್ಚುವ, ಹಲ್ಲಿನ ಗೀರುಗಳು ತೀರ ಚೂಪಾಗಿಲ್ಲದ ದವಡೆ ಒಳ್ಳೆಯದು. ದವಡೆ ಸರಿಯಿಲ್ಲದ ಬೆಲೆಬಾಳುವ ಪುಲ್ಲರಿಗಿಂತ ದವಡೆ ಸರಿಯಿರುವ ಸಾದಾ ಸರಪಳಿಯೇ ಮೇಲು.

ಬೇಲಿಯಲ್ಲಿಯೇ ಉಳಿಯುವ ಸಣ್ಣ ರ್‍ಯಾಚೆಟ್ ಗಾಲಿಗಳೂ ಇವೆ. ಪ್ರತಿ ವರ್ಷ ಒಂದೆರಡು ಹಲ್ಲು ಬಿಗಿಸಬಹುದೆಂಬುದು ಅವುಗಳ ಆಕರ್ಷಣೆ. ಮುಳ್ಳುತಂತಿಯನ್ನು ಅವುಗಳ ಪುಟ್ಟ ಗಾಲಿಗೆ ಸುತ್ತಲು ಹೋದರೆ ಮುಳ್ಳುಗಳು ಒಂದರ ಮೇಲೊಂದು ಕೂತು ತಂತಿ ಓರೆಯಾಗುತ್ತದೆ. ಆದ್ದರಿಂದ ತುದಿಯಲ್ಲಿ ಒಂದೆರಡು ಅಡಿ ನಯವಾದ ತಂತಿಯನ್ನು ಜೋಡಿಸಿ ಅದನ್ನು ಗಾಲಿಗೆ ಸುತ್ತಬೇಕು. ಅಷ್ಟು ಮಾಡಿದರೆ ಅವು ನಿಜಕ್ಕೂ ಉಪಯುಕ್ತ.

ಈಗ ಬಿಡುವ ಮಾತಿಗೆ ಬರುತ್ತೇನೆ, ಏಕೆಂದರೆ ನಾನು ಮಾಡಿದ ತಪ್ಪುಗಳೆಲ್ಲ ಇಲ್ಲಿಯೇ ಆಗಿವೆ. ತಂತಿಯನ್ನು ಎಳೆದು, ಕಂಬಕ್ಕೆ ಸುತ್ತಿ, ಅದರ ಬಾಲವನ್ನು ಅದೇ ತಂತಿಯ ಮೇಲೆ ಐದಾರು ಸುತ್ತು ಒತ್ತಾಗಿ ಹೊಸೆದ ಮೇಲೆ ಉಪಕರಣವನ್ನು ಸಡಿಲಿಸಬೇಕು. ಆ ಕ್ಷಣದವರೆಗೆ ಎಳೆತವನ್ನು ಹೊತ್ತಿದ್ದು ಉಪಕರಣ. ಇನ್ನು ಮುಂದೆ ಹೊರಬೇಕಾದದ್ದು ಕಟ್ಟು. ಭಾರ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿದರೆ ಸುತ್ತುಗಳು ಒಂದೊಂದಾಗಿ ಕೂರುತ್ತವೆ, ಎಲ್ಲಿಯಾದರೂ ಜಾರಿದರೆ ಕಣ್ಣಿಗೆ ಕಾಣುತ್ತದೆ, ಮತ್ತೆ ಎಳೆದು ಸರಿಮಾಡಲು ಅವಕಾಶವಿರುತ್ತದೆ. ಒಮ್ಮೆಲೇ ಬಿಟ್ಟರೆ ಕಟ್ಟಿಗೆ ಪೆಟ್ಟು ಬೀಳುತ್ತದೆ. ಹಲ್ಲಿನ ಪಟ್ಟಿಯ ಉಪಕರಣಗಳಲ್ಲಿ ಕೆಲವು ನಾಲಗೆಯನ್ನು ಎತ್ತಿದ ಕೂಡಲೇ ಪೂರ್ತಿ ಬಿಟ್ಟುಬಿಡುತ್ತವೆ. ನನ್ನಲ್ಲಿದ್ದ ಮೊದಲನೆಯದು ಅಂಥದ್ದೇ. ಅದರ ಹಿಡಿಕೆ ಒಮ್ಮೆ ನನ್ನ ಮುಂಗೈಗೆ ಬಡಿದ ಗುರುತು ಇನ್ನೂ ಇದೆ. ಕೊಳ್ಳುವ ಮೊದಲು ಎರಡು ಗಟ್ಟಿ ಕಂಬಗಳ ನಡುವೆ ಹಗ್ಗ ಕಟ್ಟಿ ಎಳೆದು, ಆಮೇಲೆ ಭಾರವಿರುವಾಗಲೇ ಒಂದು ಹಲ್ಲು, ಇನ್ನೊಂದು ಹಲ್ಲು ಎಂದು ಹಿಂದಕ್ಕೆ ಬಿಡಲು ಬರುತ್ತದೆಯೇ ಎಂದು ನೋಡುವುದು ಈಗ ನನ್ನ ಪದ್ಧತಿ. ಈ ಪರೀಕ್ಷೆಯಲ್ಲಿ ಗೆಲ್ಲದ ಉಪಕರಣ ಎಷ್ಟು ಟನ್ ಎಳೆದರೂ ನನಗೆ ಬೇಡ.

ಎಷ್ಟೇ ಜಾಣತನದಿಂದ ಬಿಟ್ಟರೂ ಕಟ್ಟು ಕೂರುವಾಗ ಸ್ವಲ್ಪ ತಂತಿ ನಷ್ಟವಾಗಿಯೇ ತೀರುತ್ತದೆ. ನನ್ನ ಕೈಯ ಕಟ್ಟು ಸುಮಾರು ಒಂದು ಸೆಂಟಿಮೀಟರ್ ತಿನ್ನುತ್ತದೆ. ಉದ್ದ ಬೇಲಿಗೆ ಅದು ಲೆಕ್ಕಕ್ಕಿಲ್ಲ. ಗಿಡ್ಡ ಬೇಲಿಗೆ ಅದೇ ಸರ್ವಸ್ವ. ಹಾಗಾಗಿ ಗಿಡ್ಡ ಬೇಲಿಯಲ್ಲಿ ಮೊದಲು ಕಟ್ಟನ್ನು ಕೂರಿಸಿ, ಆಮೇಲೆ ಟರ್ನ್‌ಬಕಲ್ಲಿನಿಂದ ಬಿಗಿಸುವುದೇ ಸರಿಯಾದ ಕ್ರಮ.

ಬಿಡುವುದರ ಇನ್ನೊಂದು ಮುಖ ತಂತಿ ತಾನಾಗಿಯೇ ಹರಿಯುವುದು. ಹಿಗ್ಗಿದ ತಂತಿಯಲ್ಲಿ ಕೂಡಿಟ್ಟಿರುವ ಶಕ್ತಿ ಎಳೆತದ ವರ್ಗದ ಪ್ರಮಾಣದಲ್ಲಿ ಏರುತ್ತದೆ. 100 ಮೀಟರ್ ತಂತಿಯಲ್ಲಿ 100 ಕಿಲೋ ಎಳೆತವಿದ್ದರೆ ಎರಡೂವರೆ ಕಿಲೋ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟಷ್ಟು ಶಕ್ತಿ. 200 ಕಿಲೋ ಎಳೆತವಾದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಹತ್ತು ಕಿಲೋ ಕಲ್ಲು. ಆ ಶಕ್ತಿ ಮುಳ್ಳುಗಳನ್ನು ಹೊತ್ತುಕೊಂಡು ಸುರುಳಿಯಾಗಿ ಹಿಂದಕ್ಕೆ ಬರುತ್ತದೆ. ದಪ್ಪ ಚರ್ಮದ ಕೈಗವಸು, ತುಂಬುತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇವು ಇರಲೇಬೇಕು. ಅವಕ್ಕಿಂತ ಮುಖ್ಯವಾದದ್ದು ನಿಲ್ಲುವ ಜಾಗ. ತಂತಿಗೂ ನನಗೂ ನಡುವೆ ಕಂಬವಿರುವಂತೆ ನಿಲ್ಲುತ್ತೇನೆ, ಎಳೆಯುವಾಗ ತಂತಿಯನ್ನು ದಾಟಲು ಯಾರನ್ನೂ ಬಿಡುವುದಿಲ್ಲ, ದವಡೆಯ ಹತ್ತಿರ ತಂತಿಯ ಮೇಲೆ ಒದ್ದೆ ಗೋಣಿಚೀಲವೊಂದನ್ನು ಹೊದಿಸುತ್ತೇನೆ.

ಎಳೆತ ಕಂಬದಿಂದ ಕಂಬಕ್ಕೆ ಸಾಗಬೇಕಾದರೆ ನಡುಕಂಬಗಳಲ್ಲಿ ತಂತಿ ಜಾರುವಂತಿರಬೇಕು. ಮರದ ಕಂಬಕ್ಕೆ ಯು ಮೊಳೆಯನ್ನು ಪೂರ್ತಿ ಹೊಡೆದರೆ, ಕಲ್ಲು ಅಥವಾ ಕಾಂಕ್ರೀಟ್ ಕಂಬಕ್ಕೆ ಕಟ್ಟುತಂತಿಯನ್ನು ಮೊದಲೇ ಬಿಗಿದರೆ, ನಾವು ಎಳೆದದ್ದು ಮೊದಲ ಎರಡು ಮೂರು ಅಂಕಣಗಳಲ್ಲಿಯೇ ಉಳಿಯುತ್ತದೆ. ಮೂಲೆ ಸುತ್ತಿ ಎಳೆಯುವುದೂ ಹಾಗೆಯೇ: ಕಾಲು ಸುತ್ತಿನ ತಿರುವಿನಲ್ಲಿ ತಿಕ್ಕಾಟವೇ ಎಳೆತದ ಮೂರನೇ ಒಂದು ಭಾಗವನ್ನು ನುಂಗಬಲ್ಲದು, ಮುಳ್ಳು ಸಿಕ್ಕಿಕೊಂಡರೆ ಪೂರ್ತಿ ನಿಲ್ಲುತ್ತದೆ. ಪ್ರತಿ ಮೂಲೆಯಲ್ಲೂ ತಂತಿಯನ್ನು ಮುಗಿಸಿ ಹೊಸದಾಗಿ ಆರಂಭಿಸುವುದು ಲೇಸು. ಮೂಲೆಯ ಕಂಬಕ್ಕೆ ನಾಲ್ಕು ಎಳೆಗಳಿಂದ ಬರುವ ಭಾರ 400 ಕಿಲೋದಷ್ಟು. ಅದಕ್ಕೆ ಒಳಬದಿಯಿಂದ ಓರೆಯಾಗಿ ಸಪೋರ್ಟ್ ಕಂಬ ಕೊಡದೆ, ಅಥವಾ ಪಕ್ಕದಲ್ಲಿ ಇನ್ನೊಂದು ಕಂಬ ನೆಟ್ಟು ನಡುವೆ ಅಡ್ಡಪಟ್ಟಿ ಇಟ್ಟು ಮೂಲೆಕಂಬದ ಬುಡದಿಂದ ಪಕ್ಕದ ಕಂಬದ ತಲೆಗೆ ತಂತಿ ಹೊಸೆದು ಕಟ್ಟದೆ, ಯಾವ ಪುಲ್ಲರೂ ಬೇಲಿಯನ್ನು ಉಳಿಸುವುದಿಲ್ಲ.

ಸರಿ, ಎಷ್ಟು ಬಿಗಿದರೆ ಸಾಕು? ಮೀಟಿ ನೋಡಿ ಹೇಳುವವರ ಕಿವಿ ನನಗಿಲ್ಲ. ನಾನು ಹತ್ತು ಲೀಟರ್ ನೀರು ತುಂಬಿದ ಬಕೆಟ್ಟನ್ನು ಎರಡು ಕಂಬಗಳ ನಡುವೆ ತಂತಿಗೆ ನೇತುಹಾಕುತ್ತೇನೆ. ಕಂಬಗಳ ಅಂತರ ಮೂರು ಮೀಟರ್ ಇದ್ದು ತಂತಿ ಎಂಟು ಸೆಂಟಿಮೀಟರ್ ತಗ್ಗಿದರೆ ಎಳೆತ 100 ಕಿಲೋದ ಸಮೀಪದಲ್ಲಿದೆ ಎಂದರ್ಥ. ಹದಿನಾರು ತಗ್ಗಿದರೆ ಅದರ ಅರ್ಧ. ಉದ್ದ ಬೇಲಿಗೆ ಈ ಅಳತೆ ಚೆನ್ನಾಗಿ ಹೊಂದುತ್ತದೆ. ಗಿಡ್ಡ ಬೇಲಿಯಲ್ಲಿ ಬಕೆಟ್ಟಿನ ಭಾರವೇ ತಂತಿಯನ್ನು ಇನ್ನಷ್ಟು ಬಿಗಿಸುವುದರಿಂದ ಸ್ವಲ್ಪ ಕಡಿಮೆ ತಗ್ಗುತ್ತದೆ.

ಅಳೆದ ಹೊತ್ತು ಯಾವುದೆಂಬುದೂ ಮುಖ್ಯ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಎರಡೂ ತುದಿ ಕದಲದಂತೆ ಕಟ್ಟಿದ ತಂತಿಯಲ್ಲಿ ಉಷ್ಣಾಂಶ 30 ಡಿಗ್ರಿ ಇಳಿದರೆ ಎಳೆತ ಹೆಚ್ಚುಕಡಿಮೆ 70 ಕಿಲೋ ಏರುತ್ತದೆ, ಬೇಲಿ ಎಷ್ಟೇ ಉದ್ದವಿರಲಿ. ಮಧ್ಯಾಹ್ನದ ಬಿಸಿಲಿನಲ್ಲಿ ತಂತಿ ಜೋತಂತೆ ಕಂಡು ಇನ್ನೂ ಎರಡು ಹಲ್ಲು ಎಳೆದವರ ಬೇಲಿಯ ಮೂಲೆಕಂಬ ಚಳಿಯ ರಾತ್ರಿಯಲ್ಲಿ ವಾಲುವುದು ಈ ಕಾರಣಕ್ಕೆ. ಅಮೆರಿಕದ ಇಲಿನಾಯ್ ಪ್ರಾಂತದ ಡಿಕಾಲ್ಬ್ ಊರಿನ ಜೋಸೆಫ್ ಗ್ಲಿಡನ್ ಎಂಬ ರೈತ 1874ರಲ್ಲಿ ಪೇಟೆಂಟ್ ಪಡೆದ ಮುಳ್ಳುತಂತಿಯ ವಿನ್ಯಾಸದಲ್ಲಿ ಎರಡು ಎಳೆಗಳನ್ನು ಹೊಸೆದದ್ದು ಮುಳ್ಳುಗಳು ಜಾರದಿರಲಿ ಎಂದು. ಅದರ ಜೊತೆಗೆ, ಒಂಟಿ ತಂತಿಗಿಲ್ಲದ ಒಂದಿಷ್ಟು ಸ್ಪ್ರಿಂಗಿನ ಗುಣವೂ ಆ ಹೊಸೆತದಿಂದ ಬಂತು, ಬಿಸಿಲು ಚಳಿಗಳ ಏರಿಳಿತವನ್ನು ಅದು ಕೊಂಚ ತಾಳಿಕೊಳ್ಳುತ್ತದೆ. ಕೊಂಚ ಮಾತ್ರ. ಬಿಸಿಲಿನಲ್ಲಿ ಕೆಲಸ ಮಾಡಲೇಬೇಕಾದರೆ 60, 70 ಕಿಲೋಗೆ ನಿಲ್ಲಿಸಿ ಉಳಿದದ್ದನ್ನು ರಾತ್ರಿಗೆ ಬಿಡುತ್ತೇನೆ.

ನನ್ನ ಆ ನಾಲ್ಕೆಳೆಯ ಬೇಲಿ ತುಕ್ಕು ಹಿಡಿದ ಮೇಲೆ ಅದನ್ನು ಮತ್ತೆ ಬಿಗಿಯುವ ಆಸೆಯಾಯಿತು. ಅಳೆದು ನೋಡಿದರೆ 2.5 ಮಿಲಿಮೀಟರ್ ಇದ್ದ ಎಳೆ ಹಲವೆಡೆ ಎರಡಕ್ಕೆ ಇಳಿದಿತ್ತು. ದಪ್ಪದಲ್ಲಿ ಐದರಲ್ಲೊಂದು ಭಾಗ ಹೋದರೆ ಉಕ್ಕಿನಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಹೋದಂತೆ, ತುಕ್ಕಿನ ಗುಳಿಗಳ ಲೆಕ್ಕ ಬೇರೆ. ಬಿಗಿಯುವ ಬದಲು ಕಳಚಲು ನಿರ್ಧರಿಸಿ, ಪ್ರತಿ ಎಳೆಗೂ ಪುಲ್ಲರ್ ಹಾಕಿ ಸ್ವಲ್ಪ ಎಳೆದು, ಕಟ್ಟು ಬಿಚ್ಚಿ, ಒಂದೊಂದೇ ಹಲ್ಲು ಬಿಡುತ್ತ ಸಡಿಲಿಸಿದೆ. ನಾಲ್ಕನೆಯ ಎಳೆ ನೆಲಕ್ಕೆ ಮಲಗಿದಾಗ ಮೂಲೆಯ ಕಂಬದ ತಲೆ ಕಾಣುವಷ್ಟು ಹಿಂದಕ್ಕೆ ಸರಿಯಿತು. ಆಮೇಲೆ ತಂತಿಯನ್ನು ಕತ್ತರಿಸಿ ಸುರುಳಿ ಸುತ್ತಿದೆ. ಹುಲ್ಲಿನಲ್ಲಿ ಬಿದ್ದ ಬೆರಳುದ್ದದ ತುಂಡುಗಳನ್ನು ದನಗಳು ಮೇವಿನ ಜೊತೆ ನುಂಗಿದರೆ ಅವು ಹೊಟ್ಟೆಯನ್ನು ಚುಚ್ಚಿಕೊಂಡು ಹೃದಯದವರೆಗೂ ಹೋಗಬಲ್ಲವು. ಹಾಗಾಗಿ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಕೋಲಿಗೆ ಕಟ್ಟಿಕೊಂಡು ಕಂಬಗಳ ಸಾಲಿನುದ್ದಕ್ಕೂ ಎರಡು ಸಲ ನಡೆದೆ. ಎರಡನೆಯ ಸಲವೂ ಮೂರು ತುಂಡು ಸಿಕ್ಕಿದ್ದರಿಂದ ಮೂರನೆಯ ಸಲ ಹೋಗಬೇಕಾಯಿತು.